ಎಲ್ಲ ಹಾಡಿಗೂ ಒಂದೇ ಗಿಟಾರು

ಹಗಲುಗನಸು ಕಾಣುವುದಕ್ಕೆ ಗಾಂಧಿ ಬಜಾರಿನಷ್ಟು ಅನುಕೂಲವಾದ ಜಾಗ ಇನ್ನೊಂದಿಲ್ಲ. ಮಲ್ಲಿಗೆಯ ಘಮ, ಕಾಫಿಪುಡಿಯ ಘಮ ಎರಡೂ ಬೆರೆತು ಬರುವ ಹೊತ್ತಿಗೆ ಕೈಯಲ್ಲಿರುವ ದಂಟಿನ ಸೊಪ್ಪಿನ ಕಟ್ಟು ಕೂಡ ಗಿಟಾರಿನಂತೆ ಕಾಣತೊಡಗುತ್ತದೆ. ನನಗಂತೂ ಕಂಡಿದೆ. ಒಂದು ಸಂಜೆ ಹೂವಿನಂಗಡಿಯ ಮುಂದೆ ನಿಂತು, ಆ ಕಟ್ಟನ್ನು ಎದೆಗೊರಗಿಸಿಕೊಂಡು, ಅರೆಗಣ್ಣು ಮುಚ್ಚಿ ಬೆರಳಾಡಿಸುತ್ತಿದ್ದೆ. ಹೂವಿನಾಕೆ, "ಏನ್ ಸ್ವಾಮಿ, ಸೊಪ್ಪಲ್ಲಿ ಹುಳ ಹುಡುಕ್ತಿದೀರಾ?" ಎಂದಳು. "ಹೂಂ ಕಣಮ್ಮ" ಎಂದೆ. ಇನ್ನೇನು ತಾನೇ ಹೇಳಲಿ!

ಈ ಹುಚ್ಚಿಗೆ ಕಾರಣ ನಮ್ಮ ಮನೆಯ ಮೌನ. ನನ್ನ ಹೆಂಡತಿ ಪದ್ಮ ಮದುವೆಯಾದಾಗಿನಿಂದ ದಿನಾ ಸಂಜೆ ದೇವರಿಗೆ ದೀಪ ಹಚ್ಚಿ ವೀಣೆ ನುಡಿಸುತ್ತಿದ್ದಳು. ಮಂಡಿನೋವು ಶುರುವಾಗಿ ನೆಲದ ಮೇಲೆ ಕೂರುವುದು ನಿಂತಿತು. ಕುರ್ಚಿಯ ಮೇಲೆ ಕೂತರೆ ಅಷ್ಟುದ್ದದ ವೀಣೆ ತೊಡೆಯ ಮೇಲೆ ನಿಲ್ಲದು. "ಹೋಗ್ಲಿ ಬಿಡ್ರೀ, ನುಡಿಸಿದ್ದು ಸಾಕು" ಎಂದು ಅದಕ್ಕೆ ಗವಸು ಹಾಕಿಬಿಟ್ಟಳು. ಆದರೆ ಸಂಜೆಯಾದರೆ ಅವಳ ಎಡಗೈ ಬೆರಳುಗಳು ಸೋಫಾದ ತೋಳಿನ ಮೇಲೆ ತಮ್ಮಷ್ಟಕ್ಕೆ ತಾವೇ ಓಡಾಡುತ್ತಿದ್ದವು. ಅದನ್ನು ನೋಡಿ ನೋಡಿ, ಈ ಮನೆಯಲ್ಲಿ ಮತ್ತೆ ಸಂಗೀತ ಕೇಳಿಸಬೇಕು, ಕೇಳಿಸುವವನು ನಾನೇ ಎಂದು ತೀರ್ಮಾನಿಸಿದೆ.

ಕಾಲೇಜಿನಲ್ಲಿ ಗೆಳೆಯನ ಗಿಟಾರನ್ನು ಅವನು ಸ್ನಾನಕ್ಕೆ ಹೋದಾಗ ಮೀಟಿದ್ದೇ ನನ್ನ ಬಂಡವಾಳ. ಅಷ್ಟರ ಮೇಲೆ ನಾನು ಕಟ್ಟಿದ ಕನಸು ನೋಡಿ: ದೀಪ ಹಚ್ಚುವ ಹೊತ್ತಿಗೆ ಪದ್ಮಳಿಗಾಗಿ ಒಂದು ಕೀರ್ತನೆ, ಆಮೇಲೆ ಹಳೆಯ ಸಿನಿಮಾ ಹಾಡು, ಊಟವಾದ ಮೇಲೆ ಬಾಲ್ಕನಿಯ ಬೆಳದಿಂಗಳಲ್ಲಿ ಮೆತ್ತಗೆ ಜಾಝ್, ಪಕ್ಕದ ಮನೆಯವರು ಊರಲ್ಲಿಲ್ಲದ ದಿನ ರಾಕ್. ಪದ್ಮ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಾಳೆ, ಎದುರಿನ ಸಂಪಿಗೆ ಮರವೂ ತಲೆದೂಗುತ್ತದೆ. ಇಷ್ಟಕ್ಕೆಲ್ಲ ಒಗ್ಗುವ ಎಲೆಕ್ಟ್ರಿಕ್ ಗಿಟಾರ್ ಒಂದೇ ಒಂದು ಬೇಕು, ಏಕೆಂದರೆ ನಮ್ಮ ಮನೆಯಲ್ಲಿ ಜಾಗವಿರುವುದೂ ಒಂದಕ್ಕೇ.

ಚಾಮರಾಜಪೇಟೆಯ ವಾದ್ಯದಂಗಡಿಯಲ್ಲಿ ಕಿರಣ್ ಎಂಬ ಜುಟ್ಟು ಕಟ್ಟಿದ ಮಾರಾಟಗಾರ, "ಸರ್, ಮೊದ್ಲು ಹೇಳಿ, ಯಾವ ಸ್ಟೈಲ್ ನುಡಿಸ್ತೀರಾ?" ಎಂದು ಕೇಳಿದ. "ಎಲ್ಲಾ" ಎಂದೆ. ಅವನು ನನ್ನನ್ನು ಬಹಳ ಗೌರವದಿಂದ ನೋಡಿದ. ಆ ಗೌರವ ಉಳಿಯಲೆಂದು ನಾನು ಒಂದು ಗಿಟಾರನ್ನೂ ಮುಟ್ಟಲಿಲ್ಲ. ತಂತಿಯ ದನಿಯನ್ನು ಹಿಡಿಯುವ ಪಿಕಪ್ಪುಗಳಲ್ಲಿ ತೆಳುದನಿಯದು, ದಪ್ಪದನಿಯದು ಎಂದು ಎರಡು ಜಾತಿಯಂತೆ. ಎರಡೂ ಇರುವ ಗಿಟಾರು ಕೊಂಡರೆ ಒಂದು ಸ್ವಿಚ್ಚು ಜರುಗಿಸಿ ಬೇಕಾದ ದನಿ ಪಡೆಯಬಹುದಂತೆ. ಅಂದರೆ ಒಂದೇ ಹಿಟ್ಟಿನಲ್ಲಿ ಇವತ್ತು ಇಡ್ಲಿ, ನಾಳೆ ದೋಸೆ, ನಾಡಿದ್ದು ಪಡ್ಡು. ಪೂರ್ತಿ ಅರ್ಥವಾಯಿತು. ಆದರೂ ಹೆಣ್ಣು ನೋಡಲು ಹೋದವರ ಹಾಗೆ "ಮನೇಲಿ ಕೇಳಿ ಹೇಳ್ತೀನಿ" ಎಂದು ಎದ್ದು ಬಂದೆ. ಮುಂದಿನ ವಾರವೂ ಹೋದೆ, ಅದನ್ನೇ ಹೇಳಿ ಬಂದೆ.

ಕೊನೆಗೆ ಪದ್ಮಳೇ ಚಪ್ಪಲಿ ಮೆಟ್ಟಿದಳು. "ನಡೀರಿ, ಅದೇನು ಅಂತ ನಾನೂ ನೋಡ್ತೀನಿ. ಇಲ್ದಿದ್ರೆ ಒಂದಿನ ನೀವು ಆ ಅಂಗಡೀಲೇ ಇದ್ಬಿಡ್ತೀರಾ."

ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತಳು. ಕಿರಣ್ ಗಿಟಾರಿಗೆ ವೈರು ಚುಚ್ಚಲು ಹೋದ. "ತಡಿಯಪ್ಪಾ, ಮೊದ್ಲು ಕರೆಂಟ್ ಇಲ್ದೆ ಕೇಳೋಣ. ಕರೆಂಟ್ ಹೋದ್ರೆ ಕೀರ್ತನೆ ಅರ್ಧಕ್ಕೆ ನಿಲ್ಬಾರ್ದಲ್ಲ" ಎಂದು ಗಿಟಾರನ್ನು ತೊಡೆಯ ಮೇಲೆ ಅಡ್ಡಡ್ಡ ಮಲಗಿಸಿಕೊಂಡಳು. ಯಾರೂ ಹಾಗೆ ಹಿಡಿಯುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ತಂತಿಗಳನ್ನು ಸಡಿಲಿಸಿ, ಬಿಗಿ ಮಾಡಿ, ಗುನುಗಿಕೊಳ್ಳುತ್ತ ತನ್ನ ಶ್ರುತಿಗೆ ತಂದಾಗಿತ್ತು. "ತಂತಿ ಎಷ್ಟು ತೆಳ್ಳಗಿದೆ!" ಎಂದಳು. "ಎಳೆಯೋಕೆ ಸುಲಭ ಆಂಟಿ" ಎಂದ ಕಿರಣ್. ಎಳೆದಳು. ಅವನು ಮೆಲ್ಲಗೆ ವೈರು ಚುಚ್ಚಿದ.

ಅಬ್ಬಾ! ಮೋಹನ ರಾಗ ಅಂಗಡಿಯ ತುಂಬ ತೇಲಿತು. ಹೊರಗೆ ಆಟೋಗಳ ಗಲಾಟೆ ಎಲ್ಲೋ ದೂರಕ್ಕೆ ಸರಿದುಹೋಯಿತು. ನಾನು ಪಕ್ಕದ ಡ್ರಮ್ಮಿಗೆ ಒರಗಿ ನಿಂತು ನಾಚಿಕೆಯಿಲ್ಲದೆ ಅತ್ತೆ. ನುಡಿಸಿ ಮುಗಿಸಿದ ಪದ್ಮ ತಲೆಯೆತ್ತಿ, "ರೀ, ಮಂಡಿಗೆ ಏನೂ ಆಗ್ಲೇ ಇಲ್ಲ ಕಣ್ರೀ" ಎಂದಳು. ಈ ಸಲ ಮನೆಯಲ್ಲಿ ಕೇಳಿ ಹೇಳುವ ಪ್ರಶ್ನೆಯೇ ಬರಲಿಲ್ಲ.

ಈಗ ನಮ್ಮಲ್ಲಿ ಸಂಜೆಯ ಕೀರ್ತನೆಯೂ ಉಂಟು, ಸಿನಿಮಾ ಹಾಡೂ ಉಂಟು. ಅವಳು ಕಣ್ಸನ್ನೆ ಮಾಡಿದಾಗ ಸ್ವಿಚ್ಚು ಜರುಗಿಸುವುದು ನನ್ನ ಪಾಲಿನ ಸಂಗೀತ. ಮೊನ್ನೆ ಅವಳು ಅಡುಗೆಮನೆಯಲ್ಲಿದ್ದಾಗ ಧೈರ್ಯ ಮಾಡಿ ಗಿಟಾರನ್ನು ತೊಡೆಗೇರಿಸಿಕೊಂಡೆ. ಕಣ್ಣು ಮುಚ್ಚಿ, ನನ್ನೆಲ್ಲ ಪ್ರೀತಿಯನ್ನೂ ಬೆರಳಿಗೆ ತಂದುಕೊಂಡು ನುಡಿಸತೊಡಗಿದೆ.

"ರೀ," ಒಳಗಿಂದ ಪದ್ಮ ಕೂಗಿದಳು, "ಧೂಳು ಒರೆಸೋವಾಗ ತಂತಿಗೆ ತಾಗಿಸ್ಬೇಡಿ, ಶ್ರುತಿ ಹೋಗತ್ತೆ!"

ಎದ್ದು ಹೋಗಿ ಬಟ್ಟೆ ತಂದು, ನಿಜವಾಗಿಯೂ ಒರೆಸಿದೆ.