ಬಿಳಿ ಸಿಮೆಂಟಿನ ಪ್ರೇಮಪುಸ್ತಕ

ಅಂಟಿಸುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ಮುಂಬಯಿಯ ವಿಲೆ ಪಾರ್ಲೆಯಿಂದ ದಹಿಸರ್‌ವರೆಗೆ ಯಾರೂ ಇಲ್ಲವೆಂದು ನಾನು ನಂಬಿದ್ದೆ. ಪಾರ್ಲೆಯ ಒಂದು ಔಷಧಿ ಕಂಪನಿಯ ಡಿಸ್ಪ್ಯಾಚ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಲಕೋಟೆ ಅಂಟಿಸಿದ, ಪಾರ್ಸೆಲ್ ಕಟ್ಟಿದ, ಲೇಬಲ್ ಹಚ್ಚಿದ ಕೈ ಇದು. ಹೀಗಿರುವಾಗ ಮಗಳು ಪಲ್ಲವಿ, "ಪಪ್ಪಾ, ಆನಿವರ್ಸರಿಗೆ ಮಮ್ಮಿಗೆ ಒಂದು ಆರ್ಟ್ ಜರ್ನಲ್ ಮಾಡಿ ಕೊಡು ನಾ" ಎಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ. ಅಂಟು ಎಷ್ಟು ಬೇಕು?

ಈ ಸಲ ನಮ್ಮ ಮದುವೆಗೆ ಇಪ್ಪತ್ತೈದು ವರ್ಷ. ನನ್ನ ಹೆಂಡತಿ ಶೋಭಾ ಬ್ಲೌಸು ಹೊಲಿಯುವುದರಲ್ಲಿ ಗೋರೆಗಾಂವಿನ ನಮ್ಮ ಬಿಲ್ಡಿಂಗಿಗೂ ಆಚೀಚಿನ ನಾಲ್ಕು ಬಿಲ್ಡಿಂಗಿಗೂ ಹೆಸರಾದವಳು. ಅವಳಿಗೆ ನಾನು ಇದುವರೆಗೆ ಕೊಟ್ಟ ಕಾಣಿಕೆಗಳೆಂದರೆ ಒಂದು ಕುಕ್ಕರು, ಒಂದು ಮಿಕ್ಸರು, ಆಮೇಲೆ ಇನ್ನೊಂದು ಕುಕ್ಕರು. ಹೋದ ವರ್ಷ ಆ ಎರಡನೆಯ ಕುಕ್ಕರು ಕೈಗಿತ್ತಾಗ ಆಕೆ ಅದರ ಮುಚ್ಚಳ ತೆಗೆದು ಒಳಗೆ ನೋಡಿ ಹೇಳಿದ್ದಳು: "ಅಂಗಡ್ಯಾಗಿಂದು ಯಾರ್ ಬೇಕಾದವ್ರು ತರ್ತಾರ. ಇಷ್ಟ್ ವರ್ಷದಾಗ ನೀವಾ ಕೂತು ಒಂದರ ಏನರ ಮಾಡಿ ಕೊಟ್ಟೀರೇನ್ರೀ?" ಆ ಮಾತು ಒಂದು ವರ್ಷ ನನ್ನನ್ನು ಚುಚ್ಚುತ್ತಲೇ ಇತ್ತು.

ಆರ್ಟ್ ಜರ್ನಲ್ ಎಂದರೇನೆಂದು ಪಲ್ಲವಿ ಮೊಬೈಲಿನಲ್ಲಿ ವಿಡಿಯೊ ತೋರಿಸಿ ವಿವರಿಸಿದಳು. ಅವಳ ಕನ್ನಡ ಅರ್ಧ ದಾರಿಗೆ ಹಿಂದಿಯಲ್ಲಿ ಇಳಿದುಬಿಡುತ್ತದೆ. "ಸಿಂಪಲ್ ಐತಿ ಪಪ್ಪಾ. ಪಹಲೇ ಬೇಸ್ ಹಚ್ಚು, ಫಿರ್ ಪೇಪರ್ ಅಂಟಿಸು, ಉಸ್ಕೆ ಊಪರ್ ಬಟ್ಟೆ, ಫೋಟೊ, ಪೇಂಟ್... ಜೋ ಮನ್ ಮೇ ಆಯೇ, ಅದು ಬರಿ." ಒಟ್ಟಿನಲ್ಲಿ ಒಂದು ದಪ್ಪ ನೋಟುಬುಕ್ಕಿನಲ್ಲಿ ಬಣ್ಣ, ಕಾಗದ, ಬಟ್ಟೆ, ದಾರ, ಅಕ್ಷರ ಎಲ್ಲವನ್ನೂ ಒಂದರ ಮೇಲೊಂದು ಪದರ ಪದರವಾಗಿ ಕೂಡಿಸಿದರೆ ಅದು ಕಲೆ. ಇಷ್ಟೇ ತಾನೆ!

ವಿಡಿಯೊದಲ್ಲಿದ್ದ ಹೆಂಗಸು ಮೊದಲು ಹಾಳೆಗಳನ್ನು ಚಹಾದಲ್ಲಿ ಅದ್ದಿ ತೆಗೆದಳು. ಹಾಗೆ ಮಾಡಿದರೆ ಹಾಳೆಗೆ ಹಳೆಯ ಕಾಲದ ಕಂದು ಬಣ್ಣ ಬರುತ್ತದಂತೆ. ಶೋಭಾ ದಹಿಸರಿನಲ್ಲಿರುವ ತಂಗಿಯ ಮನೆಗೆ ಹೋದ ಭಾನುವಾರ ನೋಡಿಕೊಂಡು ನಾನೂ ಚಹಾ ಮಾಡಿದೆ. ನಮ್ಮ ಮನೆಯಲ್ಲಿ ಚಹಾ ಎಂದರೆ ಗಟ್ಟಿ ಹಾಲು, ಕೈತುಂಬ ಸಕ್ಕರೆ, ಜಜ್ಜಿದ ಶುಂಠಿ ಹಾಕಿ ಚೆನ್ನಾಗಿ ಕುದಿಸಿದ್ದು. ಕಲೆಗೆ ಕಡಿಮೆ ಬೀಳಬಾರದೆಂದು ಎರಡು ಯಾಲಕ್ಕಿಯನ್ನೂ ಹಾಕಿದೆ. ನೋಟುಬುಕ್ಕಿನ ಹಾಳೆಗಳಿಗೆಲ್ಲ ಅದನ್ನು ಧಾರಾಳವಾಗಿ ಕುಡಿಸಿ, ಒಣಗಲೆಂದು ಕಪಾಟಿನ ಮೇಲೆ ಮುಚ್ಚಿಟ್ಟೆ.

ಜುಲೈ ತಿಂಗಳ ಮುಂಬಯಿಯಲ್ಲಿ ಕರವಸ್ತ್ರ ಒಣಗುವುದೇ ಕಷ್ಟ. ಮೂರನೆಯ ದಿನ ಶೋಭಾ ಮೂಗು ಮೇಲೆತ್ತಿ ಮನೆಯೆಲ್ಲ ಸುತ್ತಿದಳು.

"ಏನ್ರೀ, ಎಲ್ಲ್ಯೋ ಹಾಲು ಒಡದ ವಾಸನಿ ಬರಾಕತ್ತೈತಿ! ಮತ್ತ ಈ ಇರುವಿ ಸಾಲು ನೋಡ್ರಿ, ಕಪಾಟ ಹತ್ತಾಕತ್ತಾವ!"

"ಮಳಿಗಾಲ ನೋಡು, ಇರುವಿ ಬರೂವಾ" ಎಂದು ನಾನು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡೆ.

ಪಲ್ಲವಿ ನನ್ನನ್ನು ಗ್ಯಾಲರಿಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು. "ಪಪ್ಪಾ, ಬ್ಲ್ಯಾಕ್ ಟೀ! ಅದಕ್ಕೆ ದೂಧ್ ಯಾರು ಹಾಕ್ತಾರೆ?"

"ಹಾಲಿಲ್ಲದ್ದಕ್ಕ ನಮ್ಮ ಕಡೆ ಚಹಾ ಅನ್ನೂದಿಲ್ಲವಾ" ಎಂದೆ ಘನತೆಯಿಂದ.

ವಾಸನೆಯನ್ನೂ ಇರುವೆಯನ್ನೂ ಮುಚ್ಚಲು ಒಂದೇ ದಾರಿ ಉಳಿದಿತ್ತು, ಅದೇ ಬೇಸ್. ಜೆಸ್ಸೊ ಎಂಬ ಬಿಳಿ ಲೇಪವನ್ನು ಹಾಳೆಗೆ ಬಳಿದರೆ ಅದರ ಮೇಲೆ ಬಣ್ಣ ಗಟ್ಟಿಯಾಗಿ ನಿಲ್ಲುತ್ತದಂತೆ. ಪಾರ್ಲೆಯ ಸ್ಟೇಷನರಿ ಅಂಗಡಿಯವನು ತೋರಿಸಿದ ಜೆಸ್ಸೊ ಬಾಟಲಿ ಕಣ್ಣಿಗೆ ಹಾಕುವ ಔಷಧದಷ್ಟಿತ್ತು. ಬಾತ್‌ರೂಮಿನ ಸೋರಿಕೆ ಮುಚ್ಚಿಸಿದಾಗ ಉಳಿದ ಬಿಳಿ ಸಿಮೆಂಟು ಮನೆಯಲ್ಲಿ ಅರ್ಧ ಚೀಲ ಬಿದ್ದಿರುವಾಗ ಇದೇಕೆ? ಬಿಳಿ ಸಿಮೆಂಟಿಗೆ ಬಿಳಿ ಗೋಂದು ಕಲಸಿ ಪುಟಪುಟಕ್ಕೂ ಮೂರು ಕೈ ಬಳಿದೆ. ವಾಸನೆ ಹೋಯಿತು. ಇರುವೆಗಳೂ ಎಲ್ಲಿದ್ದವೋ ಅಲ್ಲೇ ಶಾಶ್ವತವಾಗಿ ಉಳಿದವು. ಪುಸ್ತಕ ಮಾತ್ರ ಆಮೇಲೆ ಮುಚ್ಚಲೇ ಇಲ್ಲ, ಎತ್ತಲು ಎರಡೂ ಕೈ ಬೇಕಾಯಿತು.

ಇನ್ನು ನಡುವಿನ ಪುಟ. ಅದು ಮನೆಯ ಪುಟವಾಗಬೇಕೆಂದು ನಾನು ಮೊದಲೇ ನಿಶ್ಚಯಿಸಿದ್ದೆ. ನಮ್ಮ ಫ್ಲ್ಯಾಟು ಶೋಭಾಳ ಹೆಸರಿನಲ್ಲಿದೆ. ಅವಳ ಹೊಲಿಗೆ ಮಷೀನು ದುಡಿಯದಿದ್ದರೆ ನಾವು ಇನ್ನೂ ಒಂದೇ ಕೋಣೆಯ ಚಾಳಿನಲ್ಲೇ ಇರುತ್ತಿದ್ದೆವು. ಮುಂಬಯಿಯಲ್ಲಿ ಫ್ಲ್ಯಾಟು ನಿಮ್ಮದೆಂದು ಹೇಳಲು ಬಿಲ್ಡಿಂಗಿನ ಸೊಸೈಟಿ ಕೊಡುವ ಶೇರ್ ಸರ್ಟಿಫಿಕೇಟ್ ಎಂಬ ಒಂದು ಹಾಳೆ ಇರುತ್ತದೆ. ಅದು ಬಂದ ದಿನ ಶೋಭಾ ಇಂಗ್ಲಿಷಿನಲ್ಲಿದ್ದ ತನ್ನ ಹೆಸರನ್ನು ಮೂರು ಸಲ ಗಟ್ಟಿಯಾಗಿ ಓದಿಸಿ ಕೇಳಿ, ಹಾಳೆಯ ಮೂಲೆಗೆ ಕುಂಕುಮ ಹಚ್ಚಿ, ದೇವರ ಮುಂದೆ ಇಟ್ಟಿದ್ದಳು. ಆಮೇಲೆ ನಾನು ಅದರದೊಂದು ಕಲರ್ ಝೆರಾಕ್ಸ್ ಮಾಡಿಸಿ ಅದೇ ಫೈಲಿನಲ್ಲಿ ಇಟ್ಟಿದ್ದೆ.

ಫೈಲು ತೆಗೆದೆ. ಒಂದು ಹಾಳೆ ಫಳಫಳ ಹೊಳೆಯುತ್ತಿತ್ತು, ಹಸಿರು ಅಂಚು, ಕೆಂಪು ಕುಂಕುಮ, ಎಲ್ಲ ನಿನ್ನೆ ಹಚ್ಚಿದಂತೆ. ಇನ್ನೊಂದು ಮಾಸಿ, ಕುಂಕುಮ ಬೆಳ್ಳಗಾಗಿ, ಪಾಪ ಅನ್ನುವ ಹಾಗಿತ್ತು. ಹೊಳೆಯುವುದು ಅಸಲಿ, ಮಾಸಿದ್ದು ನಕಲು. ಇದಕ್ಕೂ ಯೋಚನೆ ಮಾಡಬೇಕೆ? ಮಾಸಿದ್ದನ್ನು ತೆಗೆದು, ಹಿಂದೆ ಸಿಮೆಂಟು ಬಳಿದು, ನಡುವಿನ ಪುಟಕ್ಕೆ ಒತ್ತಿದೆ. ಇಪ್ಪತ್ತೆಂಟು ವರ್ಷದ ಅನುಭವ, ಒಂದು ಗುಳ್ಳೆ ಏಳಲಿಲ್ಲ! ಅದರ ಮೇಲೆ ಬೆಂಡೆಕಾಯಿ ಅಡ್ಡ ಕೊಯ್ದು ಕೆಂಪು ಬಣ್ಣದಲ್ಲಿ ಅದ್ದಿ ಹೂವಿನ ಅಚ್ಚು ಒತ್ತಿದೆ. ಶೋಭಾ ಹೊಲಿದು ಬಿಟ್ಟ ರವಿಕೆ ಖಣದ ಚೂರುಗಳನ್ನು ಸುತ್ತಲೂ ಅಂಟಿಸಿದೆ. ಕೊನೆಗೆ, ಹುಟ್ಟಿದಾಗಿನಿಂದ ಕವಿತೆ ಬರೆಯದ ನಾನು, ಕಪ್ಪು ಬಣ್ಣದಲ್ಲಿ ಒಂದು ಕವಿತೆಯನ್ನೇ ಬರೆದೆ.

ಈ ಮನೆಯ ಅರ್ಧ ನಿನ್ನ ನಗು,
ಇನ್ನರ್ಧ ನಿನ್ನ ಸಿಟ್ಟು,
ನಡುವೆ ನಿಲ್ಲಲು ನನಗೆ
ಜಾಗ ಕೊಡು ಒಂದಿಷ್ಟು.

ಶುಕ್ರವಾರ, ನಮ್ಮ ಮದುವೆಯಾದ ದಿನ, ಬೆಳಿಗ್ಗೆಯೇ ಪುಸ್ತಕವನ್ನು ಶೋಭಾಳ ತೊಡೆಯ ಮೇಲಿಟ್ಟೆ. "ಅಯ್ಯ, ಎಷ್ಟ್ ಭಾರ ಐತ್ರೀ!" ಎಂದಳು. ಪುಟ ತಿರುಗಿಸಿದ ಹಾಗೆಲ್ಲ ಸಿಮೆಂಟಿನ ಚೂರು ಸೀರೆಯ ಮೇಲೆ ಉದುರಿದವು. ಆದರೂ ಆಕೆ ನಕ್ಕಳು. ನಡುವಿನ ಪುಟಕ್ಕೆ ಬಂದು, ಕವಿತೆಯನ್ನು ತುಟಿಯಲ್ಲೇ ಓದಿದಳು. ಕಣ್ಣು ಒದ್ದೆಯಾಗಿತ್ತು. "ನೀವಾ ಬರದ್ರೇನ್ರೀ?" ಎಂದಳು. ನನ್ನ ಬಾಳಿನಲ್ಲಿ ಅಷ್ಟು ಸುಖದ ಗಳಿಗೆ ಇನ್ನೊಂದಿಲ್ಲ. ಲೋಕಲ್ ರೈಲು ಸ್ಟೇಷನ್ನಿನಲ್ಲಿ ನಿಲ್ಲುವಷ್ಟು ಹೊತ್ತು ಅದು ಇತ್ತು.

ಅಷ್ಟರಲ್ಲಿ ಮೊಬೈಲು ಟಿಣ್ ಎಂದಿತು. ಸೊಸೈಟಿಯ ಗ್ರೂಪಿನಲ್ಲಿ ನೋಟೀಸು. ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವ ಮಾತು ಕೊನೆಗೂ ಕೂಡಿ ಬಂದಿದೆ, ಭಾನುವಾರ ಹನ್ನೊಂದಕ್ಕೆ ಎಲ್ಲರೂ ಅಸಲಿ ಶೇರ್ ಸರ್ಟಿಫಿಕೇಟ್ ತಂದು ವಕೀಲರಿಗೆ ತೋರಿಸಬೇಕು, ಅಸಲಿ ಇಲ್ಲದವರ ಹೆಸರು ಹೊಸ ಮನೆಯ ಕರಾರಿನಲ್ಲಿ ಸೇರುವುದಿಲ್ಲ. ಶೋಭಾ ಈ ದಿನಕ್ಕಾಗಿ ಆರು ವರ್ಷದಿಂದ ಕಾದಿದ್ದಳು. "ಹೊಸಾ ಮನ್ಯಾಗ ಮಷೀನ್ ಕಿಡಕಿ ಬಾಜೂಕ ಇಡೂದು. ದೀಪ ಹಚ್ಚಿ ಹೊಲದು ಹೊಲದು ಕಣ್ಣ ಹೋಗ್ಯಾವ" ಎನ್ನುತ್ತ ಎದ್ದು ಫೈಲು ತಂದಳು. ಹೊಳೆಯುವ ಹಾಳೆ ಹೊರಗೆ ತೆಗೆದು, ತನ್ನ ಹೆಸರು ಸವರಿ, ಕುಂಕುಮದ ಮೇಲೆ ಬೆರಳು ತಿಕ್ಕಿದಳು. ಬೆರಳು ನೋಡಿಕೊಂಡಳು. ಮತ್ತೆ ತಿಕ್ಕಿದಳು.

"ರೀ, ಕುಂಕುಮ ಕೈಗೆ ಹತ್ತವಲ್ದು!"

ಪಲ್ಲವಿ ಬಂದು ಹಾಳೆಯನ್ನು ಬೆಳಕಿಗೆ ಹಿಡಿದಳು. "ಮಮ್ಮಿ, ಇದು ಕಲರ್ ಝೆರಾಕ್ಸ್."

ಮೂವರೂ ಮೆಲ್ಲಗೆ ಪುಸ್ತಕದ ಕಡೆ ತಿರುಗಿದೆವು. ಅಸಲಿಗೆ ವಯಸ್ಸಾಗುತ್ತದೆ, ನಕಲಿಗೆ ಆಗುವುದಿಲ್ಲ ಎಂಬ ಸಣ್ಣ ತಿಳಿವಳಿಕೆ ಐವತ್ತಾರು ವರ್ಷವಾದರೂ ನನಗೆ ಬಂದಿರಲಿಲ್ಲ.

ಶೋಭಾ ಕೂಗಿದ್ದರೆ ನಾನು ಬದುಕಿಬಿಡುತ್ತಿದ್ದೆ. ಆಕೆ ಮಷೀನಿಗೆ ಬಟ್ಟೆ ಮುಚ್ಚಿ, ಗೋಡೆಗೆ ಒರಗಿ ಕೂತಳು.

ನಾನೂ ಪಲ್ಲವಿಯೂ ಪುಸ್ತಕಕ್ಕೆ ಚಿಕಿತ್ಸೆ ಆರಂಭಿಸಿದೆವು. ಬಿಸಿ ನೀರಿನ ಹಬೆ ಹಿಡಿದೆವು. ಸಿಮೆಂಟು ಅಲುಗಲಿಲ್ಲ, ಒಡೆದ ಹಾಲಿನ ವಾಸನೆ ಮಾತ್ರ ಎದ್ದು ಬಂತು. ಇಸ್ತ್ರಿ ಒತ್ತಿದೆವು. ಇಸ್ತ್ರಿ ಕೆಟ್ಟಿತು. ಚಾಕುವಿನಿಂದ ಕೆರೆದಾಗ ನಂಬರು ಹೋಯಿತು, ಬಣ್ಣ ಒರೆಸಿದಾಗ ಹೆಸರು ಹೋಯಿತು. 'ಶ್ರೀಮತಿ' ಎಂಬ ಒಂದು ಶಬ್ದವೂ ನನ್ನ ಕವಿತೆಯೂ ಉಳಿದವು. ಯಾವ ಶ್ರೀಮತಿ? ಅಲ್ಲಿ ಬೆಂಡೆಕಾಯಿ ಹೂವು!

ಶನಿವಾರ ಆಫೀಸಿನಿಂದ ಬರುವಾಗ ಗೋರೆಗಾಂವ್ ಬಂತು, ನಾನು ಇಳಿಯಲಿಲ್ಲ. ಯಾವ ಮುಖ ಹೊತ್ತು ಇಳಿಯಲಿ? ದಹಿಸರ್‌ವರೆಗೆ ಹೋಗಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆ. ಅವಳು ಕಣ್ಣು ಸವೆಸಿ ಕೊಂಡ ಮನೆಯನ್ನು ನಾನು ಒಂದು ಮಧ್ಯಾಹ್ನ ಕೂತು ಅಂಟಿಸಿ ಮುಗಿಸಿದ್ದೆ. ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಪಲ್ಲವಿಯ ಫೋನು.

"ಪಪ್ಪಾ, ಎಲ್ಲಿ ಇದ್ದಿ? ಮಮ್ಮಿ ಬೋಲ್ ರಹೀ ಹೈ, ಊಟಕ್ಕ ಬಾ ಅಂತ."

ಆ ಊಟದ ಕರೆ ನನ್ನನ್ನು ಇನ್ನಷ್ಟು ಕೊಂದಿತು.

ಭಾನುವಾರ ಬೆಳಿಗ್ಗೆ ನಾನು ಅಂಜುತ್ತ ಒಂದು ಉಪಾಯ ಹೇಳಿದೆ. "ಕಳದೈತಿ ಅಂದ್ರ ಹೆಂಗ?"

ಶೋಭಾ ಎರಡು ದಿನದಲ್ಲಿ ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು. "ಕಣ್ಣ ಮುಂದ ಐತಿ, ಕಳದೈತಿ ಅಂತ ಹೆಂಗ ಹೇಳ್ತೀರಿ? ನನ್ನ ಮನಿ ಸುಳ್ಳಿನ ಮ್ಯಾಲ ಕಟ್ಟೂದು ಬ್ಯಾಡ. ಪುಸ್ತಕ ಎತ್ತಗೊಂಡ ನಡೀರಿ."

ತರಕಾರಿ ಚೀಲದಲ್ಲಿ ಪುಸ್ತಕ ಹೊತ್ತು ಮೆಟ್ಟಿಲ ಕೆಳಗಿನ ಸೊಸೈಟಿ ಆಫೀಸಿಗೆ ಹೋದೆವು. ಬಿಲ್ಡಿಂಗಿನ ಅರ್ಧ ಜನ ಅಲ್ಲೇ ಇದ್ದರು. ಮೇಜಿನ ಮೇಲೆ ಇಟ್ಟಾಗ ಧಡ್ ಎಂದು ಸದ್ದಾಯಿತು. ಸೆಕ್ರೆಟರಿ ಸಾವಂತ್ ಕನ್ನಡಕ ಏರಿಸಿದರು.

"ಯೇ ಕ್ಯಾ ಲಾಯೇ? ಟೈಲ್ಸ್ ಕಾ ಸ್ಯಾಂಪಲ್?"

ಎಲ್ಲರೂ ಗೊಳ್ಳೆಂದು ನಕ್ಕರು. ನಾನು ನಡೆದದ್ದನ್ನೆಲ್ಲ ಒಪ್ಪಿಸಿದೆ. ವಕೀಲರು ನಗಲಿಲ್ಲ. ಆಕೆ ನಡುವಯಸ್ಸಿನ ಹೆಂಗಸು, ನಗು ತಮ್ಮ ಕೆಲಸದಲ್ಲಿ ಬರುವುದಿಲ್ಲವೆಂಬ ಮುಖ. ಪುಟದ ಅಂಚು ಸವರಿ, ಸೊಸೈಟಿಯ ಉಬ್ಬು ಮುದ್ರೆ ಬೆರಳಿಗೆ ಹತ್ತುತ್ತದೆಯೇ ಎಂದು ನೋಡಿ, ಅಸಲಿ ಹೌದು ಎಂದರು. ಶೋಭಾ ಉಸಿರು ಬಿಟ್ಟಳು. ಆಮೇಲೆ ವಕೀಲರು ಕಪ್ಪು ಅಕ್ಷರಗಳ ಮೇಲೆ ಪೆನ್ನು ಇಟ್ಟು, "ಯೇ ಕ್ಯಾ ಲಿಖಾ ಹೈ?" ಎಂದರು.

"ಕುಛ್ ನಹೀ ಮ್ಯಾಡಮ್, ಕವಿತಾ ಹೈ."

ಅಸಲಿ ದಾಖಲೆಯ ಮೇಲೆ ಏನು ಬರೆದಿದ್ದರೂ ಅದರ ಅರ್ಥ ತಿಳಿಯದೆ ಮುಂದುವರಿಯುವಂತಿಲ್ಲ ಎಂದರು. ಅಲ್ಲಿ ಕನ್ನಡ ಓದಬಲ್ಲವರು ನಾವಿಬ್ಬರೇ. ಹೀಗಾಗಿ ನಾನು, ಇಪ್ಪತ್ತೈದು ವರ್ಷದಲ್ಲಿ ಒಂದೇ ಸಲ ಹೆಂಡತಿಗೆ ಬರೆದ ಪ್ರೇಮಕವಿತೆಯನ್ನು, ಮೂರು ಮಾಳಿಗೆಯ ಜನರ ಎದುರು ನನ್ನ ಹರಕು ಹಿಂದಿಯಲ್ಲಿ ಬಿಡಿಸಿ ಹೇಳಬೇಕಾಯಿತು. ಆಧಾ ಘರ್ ಉಸ್ಕೀ ಹಂಸೀ... ಆಧಾ ಉಸ್ಕಾ ಗುಸ್ಸಾ... ಹಿಂದಿನಿಂದ ಯಾರೋ "ವಾಹ್ ವಾಹ್" ಎಂದರು. ಶೋಭಾ ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು. ಬೀಚ್ ಮೇ ಖಡೇ ರಹನೇ ಕೋ ಮೇರೇಕೋ ಥೋಡೀ ಜಗಹ್ ದೇ ದೋ.

ವಕೀಲರ ಪೆನ್ನು ನಿಂತಿತು. "ಜಗಹ್? ಕಿತ್ನಾ ಸ್ಕ್ವೇರ್ ಫೂಟ್?"

"ಮ್ಯಾಡಮ್, ವೋ ತೋ... ಮನ್ ಕೀ ಬಾತ್..."

"ಸೊಸೈಟಿಯ ಸದಸ್ಯೆ ನಿಮ್ಮ ಹೆಂಡತಿ. ನೀವು ಅವರ ಫ್ಲ್ಯಾಟಿನಲ್ಲಿ ಜಾಗ ಕೇಳುತ್ತಿದ್ದೀರಿ, ಅದೂ ಬರವಣಿಗೆಯಲ್ಲಿ" ಎಂದು ವಕೀಲರು ಹಿಂದಿಯಲ್ಲೇ ಗಂಭೀರವಾಗಿ ತಿಳಿಸಿದರು. ಸಾವಂತ್ ಹಣೆ ಬಡಿದುಕೊಂಡರು. ಗಂಡಹೆಂಡಿರ ತಕರಾರಿನಿಂದ ಇಡೀ ಬಿಲ್ಡಿಂಗಿನ ಕೆಲಸ ನಿಂತೀತೆಂದು ಜನ ನನ್ನನ್ನು ಕೆಂಗಣ್ಣಿನಿಂದ ನೋಡತೊಡಗಿದರು. ಕೊನೆಗೆ ತೀರ್ಪಾಯಿತು. ಪುಸ್ತಕವನ್ನು ಇಡಿಯಾಗಿ ಸೊಸೈಟಿಗೆ ಒಪ್ಪಿಸಬೇಕು. ನಾನು ಸ್ಟ್ಯಾಂಪ್ ಪೇಪರಿನ ಮೇಲೆ ಅಫಿಡವಿಟ್ ಕೊಟ್ಟರೆ ಶೋಭಾಳಿಗೆ ಹೊಸ ಸರ್ಟಿಫಿಕೇಟ್ ಕೊಡುತ್ತಾರೆ, ಅವಳ ಹೆಸರು ಕರಾರಿನಲ್ಲಿ ಸೇರುತ್ತದೆ. ಮನೆ ಉಳಿಯಿತು! ಶೋಭಾ ಅಲ್ಲೇ ಕುರ್ಚಿ ಹಿಡಿದು ಕೂತು ಅತ್ತುಬಿಟ್ಟಳು.

ಸೋಮವಾರ ನಾನು ಸಹಿ ಮಾಡಿದ ಇಂಗ್ಲಿಷ್ ಅಫಿಡವಿಟ್ಟಿನ ಸಾರಾಂಶ ಹೀಗಿದೆ: ಸದರಿ ಕವಿತೆಯನ್ನು ಯಾವುದೇ ಗಂಭೀರ ಉದ್ದೇಶದಿಂದ ಬರೆದಿರುವುದಿಲ್ಲ. ಅದರಲ್ಲಿನ ಮಾತುಗಳಿಗೆ ಬೆಲೆ ಇರುವುದಿಲ್ಲ. ಸದರಿ ಮನೆಯಲ್ಲಿ ನಗುವಿನ ಭಾಗದಲ್ಲಾಗಲಿ, ಸಿಟ್ಟಿನ ಭಾಗದಲ್ಲಾಗಲಿ, ನಡುವಿನ ಭಾಗದಲ್ಲಾಗಲಿ ನನಗೆ ಯಾವುದೇ ಜಾಗ ಸಲ್ಲತಕ್ಕದ್ದಲ್ಲ. ಪಲ್ಲವಿ ಅದನ್ನು ತಾಯಿಗೆ ಓದಿ ಅರ್ಥ ಹೇಳಿದಳು. ಶೋಭಾ ಇನ್ನೊಮ್ಮೆ ಓದಿಸಿ ಕೇಳಿ, ಸಾಕ್ಷಿ ಎಂದಿದ್ದಲ್ಲಿ ಸಹಿ ಹಾಕಿದಳು. ಪುಸ್ತಕ ಸೊಸೈಟಿಯ ಕಬ್ಬಿಣದ ಕಪಾಟು ಸೇರಿತು. ಮದುವೆಯ ಇಪ್ಪತ್ತೈದನೆಯ ವರ್ಷದ ಕಾಣಿಕೆಯಾಗಿ ನನ್ನ ಹೆಂಡತಿಯ ಬಳಿ ಈಗ ಉಳಿದಿರುವುದು, ಆಕೆಯ ಮೇಲೆ ನಾನು ಬರೆದ ಕವಿತೆ ಸುಳ್ಳೆಂದು ನಾನೇ ಪ್ರಮಾಣ ಮಾಡಿದ ಕಾಗದದ ಝೆರಾಕ್ಸ್.

ಆ ಸಂಜೆ ಆಕೆ ಮತ್ತೆ ಹೊಲಿಯಲು ಕೂತಳು. ಆ ಸದ್ದು ಕೇಳಿ ನನಗೆ ಎಷ್ಟೋ ಸಮಾಧಾನವಾಯಿತು. ಏನಾದರೂ ಅಂದಾಳೇನೋ ಎಂದು ಅಡುಗೆಮನೆಗೂ ಪಡಸಾಲೆಗೂ ನಡುವಿನ ಬಾಗಿಲಲ್ಲಿ ನಿಂತೆ.

"ಅಲ್ಲ್ಯಾಕ ನಿಂತೀರಿ? ಬೆಳಕಿಗೆ ಅಡ್ಡ ಆಕ್ಕೈತಿ, ಸರೀರಿ" ಎಂದಳು ತಲೆ ಎತ್ತದೆ.

ಸರಿದೆ. ಅಲ್ಲಿ ನಿಲ್ಲುವ ಹಕ್ಕು ನನಗಿಲ್ಲವೆಂದು ಬೆಳಿಗ್ಗೆಯಷ್ಟೇ ಬರೆದುಕೊಟ್ಟು ಬಂದಿದ್ದೆ!