ಸೂಟಿ ಅಲ್ಲ, ರಜೆ

ಮಕ್ಕಳಿಗೆ ಶುದ್ಧ ಕನ್ನಡ ಕಲಿಸಲೆಂದೇ ನಾನು ಹುಟ್ಟಿದ್ದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯ ಸಾಲಿಯಲ್ಲಿ, ಕ್ಷಮಿಸಿ, ಶಾಲೆಯಲ್ಲಿ ನಾನು ಒಂದನೇ ತರಗತಿಯ ಅತಿಥಿ ಶಿಕ್ಷಕಿ. ಅತಿಥಿ ಎಂದರೆ ಬೇಸಿಗೆ ರಜೆ ಬಂದ ಕೂಡಲೇ ಮನೆಗೆ ಹೋಗಬೇಕಾದವಳು. ಜೂನ್‌ನಲ್ಲಿ ಮತ್ತೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ನನ್ನ ಆಟದ ನಿಯಮ ಸರಳ. ಯಾರಾದರೂ ‘ಸಾಲಿ’ ಎಂದರೆ ಇಡೀ ತರಗತಿ ‘ತಪ್ಪು!’ ಎಂದು ಕೂಗಬೇಕು. ತಪ್ಪಿದವರು ಕಿವಿ ಹಿಡಿದು ‘ಶಾಲೆ’ ಎನ್ನಬೇಕು. ಮನಿ ಅಲ್ಲ, ಮನೆ. ಸೂಟಿ ಅಲ್ಲ, ರಜೆ. ಮಕ್ಕಳಿಗೆ ಪಾಠಕ್ಕಿಂತ ಈ ಬೇಟೆಯೇ ಹಿಡಿಸಿತು.

“ಅಲ್ಲ ಸಲೀಮಾ, ನೀ ಮನ್ಯಾಗ ದಿನಾ ಸಾಲಿ ಅಂತಿ. ಅಲ್ಲಿ ಹುಡುಗ್ರ ಕಿವಿ ಹಿಡಿಸ್ತಿ. ಮೊದ್ಲು ನಿನ್ನ ಕಿವಿ ಹಿಡ್ಕೊ” ಎಂದರು ನಮ್ಮ ಮನೆಯವರು.

“ಶಿಕ್ಷಣದ ವಿಚಾರ ನಿಮಗೇನ್ ಗೊತ್ತೈತ್ರಿ!” ಎಂದು ಅವರ ಬಾಯಿ ಮುಚ್ಚಿಸಿದೆ.

ರಜೆಯ ಹಿಂದಿನ ದಿನ ಹೆಡ್‌ಮಾಸ್ತರರು ಓಡಿ ಬಂದರು. “ಅಕ್ಕೋರ, ಸಾಲಿ ತಪಾಸಣಿಗೆ ಸಾಹೇಬ್ರು ಬರಾಕತ್ತಾರ. ಹುಡುಗ್ರು ಖುಷಿಯಿಂದ ಕಲಿಯೂದು ನೋಡ್ತಾರಂತ. ಅವರು ಚಲೋ ಬರದ್ರ ಜೂನಿಗೆ ನಿಮ್ಮನ್ನ ಕರಸ್ತೇನಿ.”

ನಾಳೆ ರಜೆ ಇರುವ ಮಕ್ಕಳಿಗೆ ಖುಷಿಯನ್ನು ಬೇರೆ ಕಲಿಸಬೇಕೇ? ಹಾಡಿದರು, ಕುಣಿದರು, ಹುಣಸೆ ಬೀಜ ಎಣಿಸಿದರು. ಒಬ್ಬಳು ನನ್ನ ಸೆರಗಿಗೆ ಮೂಗು ಒರೆಸಿದಳು. ನಿಜ ಹೇಳುತ್ತೇನೆ, ಇಡೀ ವರ್ಷದಲ್ಲಿ ಅಂಥ ಸುಖದ ದಿನ ನನಗೆ ಸಿಕ್ಕಿರಲಿಲ್ಲ.

ಸಾಹೇಬರು ಬಾಗೇವಾಡಿ ಕಡೆಯವರು. ಬಾಗಿಲಲ್ಲೇ ನಿಂತು ಪ್ರೀತಿಯಿಂದ, “ಏನ್ರಪಾ, ನಾಳಿಂದ ಸಾಲಿ ಸೂಟಿ ಹೌದಲ್ಲೊ?” ಎಂದರು.

“ತಪ್ಪು! ಎರಡು ತಪ್ಪು!”

ಮುಂದೆ ಕುಳಿತಿದ್ದ ರೇಣುಕಾ ಎದ್ದು ಹೋಗಿ, ಕಿವಿ ಹಿಡಿಯುವುದು ಹೇಗೆಂದು ಅವರಿಗೆ ತೋರಿಸಿಕೊಟ್ಟಳು. ಹೆಡ್‌ಮಾಸ್ತರರು ಗೋಡೆ ನೋಡತೊಡಗಿದರು.

“ಇದನ್ನ ಯಾರು ಕಲಿಸ್ಯಾರ?”

“ಅಕ್ಕೋರು!” ವರ್ಷವಿಡೀ ಒಂದೇ ದನಿಯಲ್ಲಿ ಪದ್ಯ ಹೇಳದ ಮಕ್ಕಳು ಅಂದು ಒಂದೇ ದನಿಯಲ್ಲಿ ಹೇಳಿದರು!

ಸಾಹೇಬರು ನನ್ನತ್ತ ತಿರುಗಿದರು. “ನಮ್ಮವ್ವ ಓದಿದಾಕಿ ಅಲ್ರಿ. ‘ಸಾಲಿಗೆ ಹೋಗೋ’ ಅಂತ ದಿನಾ ಬೆನ್ನು ಹತ್ತಿ ಕಳಸ್ತಿದ್ಲು. ಆಕಿ ಮಾತೂ ತಪ್ಪೇನ್ರಿ?”

ನನ್ನ ತಾಯಿಯೂ ಹಾಗೆಯೇ ಕಳಿಸಿದ್ದಳು. ನಾಚಿಕೆಯಾಯಿತು. “ಇಲ್ರಿ ಸಾಹೇಬ್ರ, ಸಾಲ್ಯಾಗ ಸ್ವಲ್ಪ...” ಎಂದೆ.

“ತಪ್ಪು!”

ಕಿವಿ ಹಿಡಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಸಾಹೇಬರು ಬರೆದರು: ‘ಮಕ್ಕಳು ಅತ್ಯಂತ ಸಂತೋಷದಿಂದಿದ್ದಾರೆ. ಶಿಕ್ಷಕಿಯನ್ನು ಬದಲಾಯಿಸುವುದು ಸೂಕ್ತ.’

ಜೂನ್ ಬಂತು. ಕರೆ ಬರಲಿಲ್ಲ. ನನ್ನ ಜಾಗಕ್ಕೆ ಬೇರೊಬ್ಬ ಅತಿಥಿ ಬಂದರಂತೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ?

ಮೊನ್ನೆ ಸಿಂದಗಿ ಸಂತೆಯಲ್ಲಿ ರೇಣುಕಾ ಸಿಕ್ಕಳು. ಅವ್ವನ ಕೈ ಬಿಡಿಸಿಕೊಂಡು ಓಡಿ ಬಂದು, “ಅಕ್ಕೋರೆ, ನಿಮ್ಮ ರಜೆ ಇನ್ನೂ ಮುಗಿದಿಲ್ಲವೇ?” ಎಂದು ಕೇಳಿದಳು. ಒಂದೂ ತಪ್ಪಿಲ್ಲ!

“ಇಲ್ಲವ್ವಾ, ನನಗ ಇನ್ನೂ ಸೂಟೀನ ಐತಿ” ಎಂದೆ.

ಅವಳು ನನ್ನ ಮುಖ ನೋಡುತ್ತ ಕಾದಳು. ನಾನು ಬದನೆಕಾಯಿಯ ಚೀಲ ಕೆಳಗಿಟ್ಟು ಕಿವಿ ಹಿಡಿದೆ.