ಗಾದೆಪ್ಪನ ಮುಯ್ಯಿ

ದ್ಯಾಮಕ್ಕನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೂ ಗಾದೆಪ್ಪನಿಗೂ ಯಾವ ಸಂಬಂಧವೂ ಇರಲಿಲ್ಲ. ಹರಪನಹಳ್ಳಿಯ ಆ ಮನೆಯ ಹಿತ್ತಲ ರೂಮಿನಲ್ಲಿ ಅವನು ಬಾಡಿಗೆಗಿದ್ದ, ಅಷ್ಟೇ. ಆದರೆ ಕಾರ್ಯದ ದಿನ ಬೆಳಿಗ್ಗೆ ಎದ್ದು ಬಾಗಿಲು ತೆಗೆಯುವಷ್ಟರಲ್ಲಿ ದ್ಯಾಮಕ್ಕ ಎದುರಿಗೆ ನಿಂತಿದ್ದಳು. ಕೊಟ್ಟೂರಿನ ಬೀಗರಿಗೆ ಕೂಡಲು ಜಾಗ ಸಾಲದು, ಇವತ್ತೊಂದು ದಿನ ರೂಮು ಖಾಲಿ ಮಾಡಿಕೊಡಿ ಎಂದು ಹೇಳಿ ಹೊರಟೇಹೋದಳು.

ಸಣ್ಣ ಮಾತೇ. ಆದರೆ ರೂಮಿನಲ್ಲಿ ತುಂಬಿದ್ದದ್ದು ಆಟದ ಸಾಮಾನು! ಕಾರು, ಲಾರಿ, ರೈಲು, ಕೀ ಕೊಟ್ಟರೆ ಡೋಲು ಬಾರಿಸುವ ಕೋತಿ, ಎಲ್ಲವೂ ಅವನು ತನಗಾಗಿ ಕೊಂಡವು, ಅಂಗಡಿಯಿಂದ ತಂದ ಡಬ್ಬಿಯಲ್ಲೇ, ಸೀಲು ಒಡೆಯದೆ, ನೆಲದಿಂದ ಸೂರಿನವರೆಗೆ. ನಡುವೆ ಉಳಿದ ಸಂದಿಯಲ್ಲಿ ಗಾದೆಪ್ಪ ಮೊಣಕಾಲು ಮಡಚಿ ಮಲಗುತ್ತಿದ್ದ. ಮಗ್ಗುಲು ಬದಲಿಸಲು ಎದ್ದು ಕೂರಬೇಕಿತ್ತು. ಮೆಕ್ಕೆಜೋಳದ ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತಿಕೆ ಮುಗಿಸಿ, ಖಾನಾವಳಿಯಲ್ಲಿ ಉಂಡು ಬಂದವನು, ಬಾಗಿಲು ಹಾಕಿಕೊಂಡು ಡಬ್ಬಿಗಳ ದೂಳು ಒರೆಸುತ್ತ ಕೂಡುತ್ತಿದ್ದ. ವಯಸ್ಸು ನಲವತ್ತೈದು ದಾಟಿತ್ತು, ಮದುವೆಯಾಗಿರಲಿಲ್ಲ. ಒಳಗೇನಿದೆ ಎಂದು ಇಣುಕಿ ನೋಡುವ ಒಂದು ಜೀವವೂ ಇರಲಿಲ್ಲ. ಮನುಷ್ಯ ಅಂದಮೇಲೆ ಜೊತೆ ಬೇಡವೇ? ಅವನಿಗೆ ಆ ಡಬ್ಬಿಗಳೇ ಜೊತೆ.

ಎಲ್ಲಿಡುವುದು? ಹಿತ್ತಲಲ್ಲಿ ಅಡಿಗೆಯ ಒಲೆ, ಅಂಗಳದಲ್ಲಿ ಶಾಮಿಯಾನ. ಕೊನೆಗೆ ಪಡಸಾಲೆಯಲ್ಲಿ, ಸಿಂಗರಿಸಿಟ್ಟ ತೊಟ್ಟಿಲಿನ ಹಿಂದೆ ಒಂದು ಮೂಲೆ ಸಿಕ್ಕಿತು. ಒಂದೊಂದೇ ಡಬ್ಬಿ ಹೊತ್ತು ತಂದು ಪೇರಿಸಿ, ಮೇಲೆ ತನ್ನ ಹೊಸ ಹೂವಿನ ಚಾದರ ಹೊದಿಸಿ, ಗಾದೆಪ್ಪ ನಿಶ್ಚಿಂತೆಯಿಂದ ಅಂಗಡಿಗೆ ಹೋದ. ಪಾಪ, ಹೊಸ ಚಾದರವೇ ಅವನ ಮನೆ ಮುರಿಯಿತು.

ಆ ಓಣಿಯಲ್ಲಿ ಯಾರ ಮನೆಯ ಕಾರ್ಯವಿದ್ದರೂ ಮುಯ್ಯಿ ಕೂಗುವವನು ಪಾಲಯ್ಯ. ಕುಪ್ಪಸದ ಖಣವಾಗಲಿ, ಸ್ಟೀಲಿನ ಕೊಡವಾಗಲಿ, ಉಡುಗೊರೆ ಕೊಟ್ಟವರ ಹೆಸರು ಮೈಕಿನಲ್ಲಿ ಬಾರದಿದ್ದರೆ ಜನ ಊಟಕ್ಕೇ ಏಳುವುದಿಲ್ಲ. ಹೊಸ ಚಾದರ ಹೊದ್ದ ರಾಶಿ ಕಂಡದ್ದೇ ತಡ, ಪಾಲಯ್ಯ ಎತ್ತಿ ನೋಡಿದ. ಯಾರದೆಂದು ವಿಚಾರಿಸಿದ. ಹಿತ್ತಲ ರೂಮಿನವರು ಬೆಳಿಗ್ಗೆಯಿಂದ ಹೊತ್ತು ಹೊತ್ತು ಇಟ್ಟರೆಂದು ಅಡಿಗೆಯವನು ಹೇಳಿದ. ಸರಿ, ಇನ್ನೇನು ಬೇಕು?

ಮಧ್ಯಾಹ್ನ ಗಾದೆಪ್ಪ ಓಣಿ ತಿರುಗುವಾಗ ಮೈಕು ಒದರುತ್ತಿತ್ತು.

"ನಮ್ಮ ಗುಮಾಸ್ತ ಗಾದೆಪ್ಪನೋರಿಂದ ಕೂಸಿಗೆ ಮುಯ್ಯಿ, ಪಡಸಾಲಿ ತುಂಬ ಆಟದ ಸಾಮಾನು! ಇಂಥಾ ಮುಯ್ಯಿ ಈ ಓಣ್ಯಾಗ ಯಾರೂ ಮಾಡಿಲ್ಲ ನೋಡ್ರಿ!"

ಅದು ಮುಯ್ಯಿ ಅಲ್ಲ, ನನ್ನವು, ನನಗೆ ಬೇಕು ಎಂದು ಹೇಳಲೆಂದೇ ಗಾದೆಪ್ಪ ಓಡಿದ. ಪಡಸಾಲೆ ಹೊಕ್ಕರೆ ಜನ ಎದ್ದು ದಾರಿ ಬಿಟ್ಟರು. ದ್ಯಾಮಕ್ಕ ಅವನ ಎರಡೂ ಕೈ ಹಿಡಿದು ಅತ್ತೇಬಿಟ್ಟಳು. ಬೆಳಿಗ್ಗೆಯ 'ನೀವು' ಹೋಗಿ 'ನೀನು' ಬಂದಿತ್ತು.

"ನನ್ನ ಮಗಳು ವಾಣಿಶ್ರೀಗೆ ಅಣ್ಣ ಇಲ್ಲಂತ ಎಷ್ಟು ಕೊರಗಿದ್ನಪ್ಪಾ. ಇವತ್ತಿಂದ ನೀನ ಆಕಿ ಅಣ್ಣ, ನೀನ ಕೂಸಿನ ಸೋದರಮಾವ. ನನ್ನ ಅಕ್ಕಾರ ಅನಬ್ಯಾಡ, ಅವ್ವ ಅನ್ನು."

ವಾಣಿಶ್ರೀ ಕೂಸನ್ನು ತಂದು ಅವನ ತೊಡೆಯ ಮೇಲೆ ಮಲಗಿಸಿದಳು. ಯಾರೋ ರುಮಾಲು ಸುತ್ತಿದರು. ಮೊದಲ ಪಂಕ್ತಿಯಲ್ಲಿ ಕೂರಿಸಿ, ಸಾಕು ಸಾಕೆಂದರೂ ಹೋಳಿಗೆಯ ಮೇಲೆ ತುಪ್ಪ ಸುರಿದರು. ಇಂಥವರಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲವೆಂದರೆ ಓಣಿಗೇ ಅವಮಾನ ಎಂದು ಪಾಲಯ್ಯ ಮೈಕಿನಲ್ಲೇ ಮರುಗಿದ. ಇಷ್ಟು ವರ್ಷ ಖಾನಾವಳಿಯ ಗೋಡೆ ನೋಡುತ್ತ ಉಂಡವನು ಇನ್ನೊಂದು ಹೋಳಿಗೆ ಹಾಕಿಸಿಕೊಂಡ. ಡಬ್ಬಿಗಳ ಕಡೆ ನೋಡಿದ, ಕೂಸಿನ ಕಡೆ ನೋಡಿದ. ಹೋಗಲಿ ಬಿಡು, ಅವು ಎಂದಾದರೂ ನನ್ನನ್ನು ಉಂಡೆಯಾ ಎಂದು ಕೇಳಿದ್ದವೇ, ಎಂದುಕೊಂಡ.

ಸಂಜೆ ಬೀಗರೆಲ್ಲ ಹೋದಮೇಲೆ ದ್ಯಾಮಕ್ಕ ರೂಮಿಗೆ ಬಂದಳು. ಬೋಳು ಗೋಡೆಗಳನ್ನು ಕಣ್ಣಲ್ಲೇ ಅಳೆದಳು.

"ಮನಿ ಮಗ ಅಂತ ಸಲಿಗಿಂದ ಕೇಳ್ತೀನಿ ಗಾದೆಪ್ಪಾ. ಕೂಸು ದೊಡ್ಡಾಕಿ ಆಗೋತನ ಒಂದು ಡಬ್ಬಿನೂ ಒಡಿಬಾರದು ಅಂತಾಳ ವಾಣಿಶ್ರೀ. ಅಷ್ಟೆಲ್ಲ ಇಡಾಕ ಮನ್ಯಾಗ ಜಾಗ ಎಲ್ಲೈತಿ? ಈ ರೂಮಾದ್ರ ಅಳತಿ ಕೊಟ್ಟು ಕಟ್ಟಿಸ್ದಂಗ ಐತಿ. ನೀನು ಒಂಟಿ ಮನುಷ್ಯ, ಒಂದು ಹಾಸಿಗಿ, ಒಂದು ಟ್ರಂಕು. ಎಲ್ಲ್ಯಾರ ಇರ್ತಿ. ಬ್ಯಾರೆ ಬಾಡಿಗಿಯೋರಾಗಿದ್ರ ನಾನು ಕೇಳ್ತಿದ್ದಿಲ್ಲ."

ಗಾದೆಪ್ಪ ಬಾಯಿ ತೆರೆದ. "ಆತವ್ವಾ" ಎಂಬುದೊಂದೇ ಮಾತು ಹೊರಬಂತು.

ಡಬ್ಬಿಗಳನ್ನು ಅವನೇ ಹೊತ್ತು ತಂದು ಜೋಡಿಸಿದ. ಲಾರಿಗಳು ಕೆಳಗೆ, ರೈಲು ಮೇಲೆ. ಎಷ್ಟು ಬೇಗ, ಎಷ್ಟು ಚೆಂದ ಕೂಡಿಸಿದೆಯಪ್ಪಾ ಎಂದು ದ್ಯಾಮಕ್ಕ ಬೆರಗಾದಳು. ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.

"ಕೂಸಿನ ಜವಳಕ್ಕ ತಪ್ಪದ ಬಾರಪ್ಪಾ, ಸೋದರಮಾವನ ತೊಡಿ ಮ್ಯಾಲೇ ಕುಂಡ್ರಿಸಿ ಕೂದ್ಲ ತಗಿಬೇಕು. ಆದ್ರ ಮತ್ತ ಆಟದ ಸಾಮಾನು ತರಬ್ಯಾಡ. ಒಳಗ ಒಂದೀಟೂ ಜಾಗ ಉಳಿದಿಲ್ಲ."

"ಇಲ್ಲವ್ವಾ, ತರಂಗಿಲ್ಲ," ಎಂದು ಸೋದರಮಾವ ಟ್ರಂಕು ಹೊತ್ತು ಬಸ್ ಸ್ಟ್ಯಾಂಡಿನ ಕಡೆ ನಡೆದ.